ಎಲ್ಲ ಗಿರಾಕಿಗಳಿಗೂ ಒಂದೇ ಫೋನ್ ನಂಬರ್: 2147483647ರ ಕಥೆ

ಕೆಲವು ವರ್ಷಗಳ ಹಿಂದೆ ಗೆಳೆಯನೊಬ್ಬ ತನ್ನ ಅಂಗಡಿಯ ಗಿರಾಕಿಗಳ ಪಟ್ಟಿಯನ್ನು ಕಂಪ್ಯೂಟರ್‌ಗೆ ಹಾಕಿಸಿದ. ಹೆಸರು, ಬೀದಿ, ಮೊಬೈಲ್ ನಂಬರ್, ಬಾಕಿ ಎಷ್ಟು ಅಂತ. ಹಬ್ಬಕ್ಕೆ ಎಲ್ಲರಿಗೂ ಒಂದು ಮೆಸೇಜ್ ಕಳಿಸೋಣ ಎಂದು ಪಟ್ಟಿ ತೆಗೆದು ನೋಡಿದರೆ ಎಲ್ಲರ ಹೆಸರಿನ ಮುಂದೆಯೂ ಒಂದೇ ನಂಬರ್. 2147483647. "ಯಾರಪ್ಪಾ ಇವನು, ಎಲ್ಲರ ಮನೆಯಲ್ಲೂ ಇದ್ದಾನೆ?" ಎಂದು ನನಗೆ ಫೋನ್ ಮಾಡಿದ.

ಪ್ರೋಗ್ರಾಮಿಂಗ್ ಮಾಡುವವರಿಗೆ ಈ ನಂಬರ್ ಕಂಡ ಕೂಡಲೇ ನಗು ಬರುತ್ತದೆ. ಪಟ್ಟಿ ಮಾಡಿಕೊಟ್ಟ ಹುಡುಗ ಫೋನ್ ನಂಬರಿನ ಕಾಲಂ ಅನ್ನು ಸಾಮಾನ್ಯ ಪೂರ್ಣಾಂಕ ಎಂದು ಗುರುತಿಸಿಬಿಟ್ಟಿದ್ದ. ಆ ಥರದ ಕಾಲಂಗೆ ಒಂದು ಮೇಲ್ಮಿತಿ ಇರುತ್ತದೆ: 2,14,74,83,647. ಅಂದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ನಮ್ಮ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ. ಸಂಖ್ಯೆ ಎಂದು ಓದಿದರೆ ಎಲ್ಲವೂ 600 ಕೋಟಿಗಿಂತ ದೊಡ್ಡವು. ಪಾವಿಗೆ ಸೇರು ಅಕ್ಕಿ ಸುರಿದರೆ ಏನಾಗುತ್ತದೆ? ಪಾವು ತುಂಬುತ್ತದೆ, ಉಳಿದದ್ದು ಚೆಲ್ಲುತ್ತದೆ. ಕೆಲವು ಡೇಟಾಬೇಸ್‌ಗಳು ಹಳೆಯ ಸೆಟ್ಟಿಂಗ್‌ನಲ್ಲಿ ಹೀಗೇ ಮಾಡುತ್ತವೆ. ಚೆಲ್ಲಿತು ಅಂತ ಹೇಳುವುದೂ ಇಲ್ಲ. ಅಮೆರಿಕದಲ್ಲಿ ಈ ತಮಾಷೆ ಇನ್ನೂ ಜಾಸ್ತಿ, ಏಕೆಂದರೆ ಅಲ್ಲಿ 214 ಎಂಬುದು ಡಲ್ಲಾಸ್ ಊರಿನ ಕೋಡ್. ಹೀಗೆ ಕೆಟ್ಟ ಪಟ್ಟಿಯಲ್ಲಿರುವವರೆಲ್ಲ ಡಲ್ಲಾಸ್‌ನವರೇ ಇರಬೇಕು ಅನ್ನಿಸಿಬಿಡುತ್ತದೆ.

ಕಾಲಂ ಅನ್ನು ಅಕ್ಷರಗಳ ಕಾಲಂ ಆಗಿ ಬದಲಾಯಿಸಿ, ಹಳೆಯ ಪುಸ್ತಕ ನೋಡಿ ನಂಬರುಗಳನ್ನು ಮತ್ತೆ ಹೊಡೆದೆವು. (ಎರಡು ಫೋನ್ ನಂಬರುಗಳನ್ನು ಯಾರೂ ಕೂಡಿಸುವುದಿಲ್ಲ, ಅಲ್ವಾ? ಅದು ಸಂಖ್ಯೆಯ ವೇಷ ಹಾಕಿರುವ ಹೆಸರು ಅಷ್ಟೇ.) ಆದರೆ ಈ 2147483647 ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಕಂಪ್ಯೂಟರ್ ಬರುವುದಕ್ಕೆ ಸುಮಾರು ಇನ್ನೂರು ವರ್ಷ ಮೊದಲೇ ಇದು ಗಣಿತದವರ ನಡುವೆ ಹೆಸರು ಮಾಡಿತ್ತು. ಅಲ್ಲಿ ಇದಕ್ಕಿದ್ದ ಕೆಲಸವೇ ಬೇರೆ.

ಮೊದಲು ಈ ಮಿತಿ ಎಲ್ಲಿಂದ ಬಂತು ನೋಡೋಣ. ಕಂಪ್ಯೂಟರ್‌ಗೆ ಗೊತ್ತಿರುವುದು 0 ಮತ್ತು 1 ಮಾತ್ರ. ಸಾಮಾನ್ಯ ಪೂರ್ಣಾಂಕಕ್ಕೆ ಅದು 32 ಮನೆಗಳನ್ನು ಕೊಡುತ್ತದೆ. ಒಂದು ಮನೆ ಧನವೋ ಋಣವೋ ಎಂದು ಹೇಳಲು ಹೋಗುತ್ತದೆ. ಉಳಿದದ್ದು 31. ಮೂರು ಮನೆಯ ಮೀಟರಿನಲ್ಲಿ ಅತಿ ದೊಡ್ಡದು 999, ಅಂದರೆ 1000ಕ್ಕೆ ಒಂದು ಕಡಿಮೆ. ಹಾಗೇ 31 ಮನೆಯಲ್ಲೂ 1 ತುಂಬಿದರೆ ಸಿಗುವುದು 2ರ 31ನೇ ಘಾತಕ್ಕೆ ಒಂದು ಕಡಿಮೆ. ಬರೆಯುವುದು 2³¹ − 1 ಎಂದು.

ಈ ಮಿತಿ ತಟ್ಟಿದ ಸುದ್ದಿಗಳು ಆಗಾಗ ಬರುತ್ತವೆ. 2014ರ ಡಿಸೆಂಬರ್‌ನಲ್ಲಿ ಕೊರಿಯಾದ ಗಾಯಕ ಸೈ ಅವರ 'ಗಂಗ್ನಮ್ ಸ್ಟೈಲ್' ವಿಡಿಯೋ ಇಷ್ಟು ಸಲ ನೋಡಿಸಿಕೊಂಡಿತು. ಯೂಟ್ಯೂಬ್ ತನ್ನ ಎಣಿಕೆಯನ್ನು 64 ಮನೆಗಳಿಗೆ ಏರಿಸಿದ್ದೇವೆ ಎಂದು ಹೇಳಿಕೊಂಡಿತು. 2015ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಬೋಯಿಂಗ್ 787 ವಿಮಾನಗಳ ಬಗ್ಗೆ ಒಂದು ಆದೇಶ ಹೊರಡಿಸಿತು. 248 ದಿನ ಬಿಡದೆ ವಿದ್ಯುತ್ ಹರಿಯುತ್ತಿದ್ದರೆ ಜನರೇಟರ್ ನಿಯಂತ್ರಿಸುವ ಘಟಕದ ಲೆಕ್ಕ ತುಂಬಿ ಚೆಲ್ಲಬಹುದು, ಆಗಾಗ ಆಫ್ ಮಾಡಿ ಆನ್ ಮಾಡಿ ಅಂತ. ಒಂದು ಸೆಕೆಂಡಿಗೆ ನೂರರಂತೆ ಎಣಿಸುತ್ತಾ ಹೋದರೆ 2147483647 ಮುಟ್ಟಲು ಬೇಕಾಗುವುದು ಸುಮಾರು 248 ದಿನ ಮತ್ತು ಅರ್ಧ. ಇನ್ನೊಂದು ಸರದಿಯಲ್ಲಿದೆ. ಹಳೆಯ ಅನೇಕ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. 2038ರ ಜನವರಿ 19, ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಎಣಿಕೆ 2147483647 ಆಗುತ್ತದೆ. ಮುಂದಿನ ಸೆಕೆಂಡಿಗೆ ಸರಿಪಡಿಸದ ಯಂತ್ರಗಳು 1901ರ ಡಿಸೆಂಬರ್‌ಗೆ ಹಾರುತ್ತವೆ. ಇಲ್ಲಿ ಪಾವು ಚೆಲ್ಲುವುದಿಲ್ಲ, ಸ್ಕೂಟರಿನ ಹಳೇ ಮೀಟರಿನ ಹಾಗೆ ಇನ್ನೊಂದು ತುದಿಗೆ ತಿರುಗಿಬಿಡುತ್ತದೆ.

ಕಂಪ್ಯೂಟರಿನ ವಿಷಯ ಇಷ್ಟು ಸಾಕು. ಈಗ ನನಗೆ ನಿಜವಾಗಿ ಇಷ್ಟವಾದ ಭಾಗಕ್ಕೆ ಬರುತ್ತೇನೆ. 2147483647 ಅವಿಭಾಜ್ಯ ಸಂಖ್ಯೆ. 1 ಮತ್ತು ಅದೇ ಸಂಖ್ಯೆ ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ.

ಕಂಪ್ಯೂಟರಿನ ಮಿತಿಗಳೆಲ್ಲ ಹೀಗಿರುತ್ತವೆ ಎಂದುಕೊಳ್ಳಬೇಡಿ. 16 ಮನೆಯ ಮಿತಿ 32767. ಅದು 7 × 31 × 151. ಯೂಟ್ಯೂಬ್ ಹೇಳಿದ 64 ಮನೆಯ ಮಿತಿ 9223372036854775807. ಅದನ್ನೂ 7 ಆರಾಮವಾಗಿ ಭಾಗಿಸುತ್ತದೆ, ಅದೂ ಎರಡು ಸಲ. 8, 16, 32, 64 ಈ ನಾಲ್ಕರಲ್ಲಿ 8 ಮನೆಯ 127 ಮತ್ತು 32 ಮನೆಯ ನಮ್ಮ ಸಂಖ್ಯೆ ಮಾತ್ರ ಅವಿಭಾಜ್ಯ. ಯಾಕೆ?

ಒಂದುಗಳ ಸಾಲನ್ನೇ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. 32767 ಅಂದರೆ ಹದಿನೈದು ಒಂದುಗಳು. ಮೂರು ಮೂರರ ಗುಂಪು ಮಾಡಿ: 111 111 111 111 111. ಪ್ರತಿ ಗುಂಪೂ 111, ಅಂದರೆ ಬೈನರಿಯಲ್ಲಿ (0 ಮತ್ತು 1 ಮಾತ್ರ ಬಳಸುವ ಬರವಣಿಗೆಯಲ್ಲಿ) 7. ಎಲ್ಲ ಗುಂಪನ್ನೂ 7 ಭಾಗಿಸಿದರೆ ಇಡೀ ಸಾಲನ್ನೂ ಭಾಗಿಸಲೇಬೇಕು. ಐದೈದರ ಗುಂಪು ಮಾಡಿದರೆ 11111, ಅಂದರೆ 31 ಸಿಗುತ್ತದೆ. ಒಟ್ಟಿನಲ್ಲಿ ಒಂದುಗಳ ಎಣಿಕೆಯನ್ನು ಸಮ ಗುಂಪುಗಳಾಗಿ ಮಾಡಲು ಆದರೆ ಆ ಸಂಖ್ಯೆ ಅವಿಭಾಜ್ಯ ಆಗುವ ಹಾಗೇ ಇಲ್ಲ. 31 ಒಂದುಗಳನ್ನು ಹಾಗೆ ಗುಂಪು ಮಾಡಲು ಬರುವುದಿಲ್ಲ, ಏಕೆಂದರೆ 31 ಸ್ವತಃ ಅವಿಭಾಜ್ಯ.

ಆದರೆ ಅಷ್ಟಕ್ಕೇ ಖುಷಿಪಡುವ ಹಾಗಿಲ್ಲ. 11 ಕೂಡ ಅವಿಭಾಜ್ಯ. ಹನ್ನೊಂದು ಒಂದುಗಳನ್ನು ಬರೆದರೆ 2047. ಅದು 23 × 89! ಗುಂಪು ಮಾಡಲು ಬರದೆಯೂ ಒಡೆದುಹೋಯಿತು. ಹಾಗಾಗಿ 2³¹ − 1 ಬಗ್ಗೆ ಗೊತ್ತಾಗಬೇಕಾದರೆ ಕೂತು ಲೆಕ್ಕ ಮಾಡಲೇಬೇಕು.

ಹೀಗೆ ಬರೇ ಒಂದುಗಳ ಸಾಲಿನಿಂದ ಆಗುವ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯ ಎಂದು ಹೆಸರು. ಮರೆನ್ ಮರ್ಸೆನ್ ಫ್ರಾನ್ಸಿನ ಪಾದ್ರಿ. 1644ರಲ್ಲಿ ಅವರು 257ರವರೆಗಿನ ಘಾತಗಳಲ್ಲಿ ಯಾವುವು ಇಂಥ ಅವಿಭಾಜ್ಯ ಕೊಡುತ್ತವೆ ಎಂದು ಪಟ್ಟಿ ಕೊಟ್ಟರು: 2, 3, 5, 7, 13, 17, 19, 31, 67, 127, 257. ಕೊನೆಗೆ ನೋಡಿದರೆ 67 ಮತ್ತು 257 ತಪ್ಪು. 61, 89, 107 ಬಿಟ್ಟುಹೋಗಿದ್ದವು. ಆದರೂ ಹೆಸರು ಅವರದ್ದೇ ಉಳಿಯಿತು. 31 ಸರಿಯಾಗಿಯೇ ಇತ್ತು, ಆದರೆ ಸಾಧಿಸಿ ತೋರಿಸಿದವರು ಯಾರೂ ಇರಲಿಲ್ಲ. ಅವರಿಗಿಂತ ಮೊದಲು ಇಟಲಿಯ ಕಟಾಲ್ಡಿ 17 ಮತ್ತು 19ನ್ನು ಕೈಯಲ್ಲೇ ಭಾಗಿಸಿ ಭಾಗಿಸಿ ಸಾಧಿಸಿದ್ದರು. 23, 29, 31, 37 ಕೂಡ ಸರಿ ಎಂದಿದ್ದರು. ಅದರಲ್ಲೂ ಉಳಿದದ್ದು 31 ಒಂದೇ.

1772ರಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್, ಗಣಿತಕ್ಕೇ ಹೆಸರಾದ ಬರ್ನೌಲಿ ಮನೆತನದವರಿಗೆ ಬರೆದ ಪತ್ರದಲ್ಲಿ 2³¹ − 1 ಅವಿಭಾಜ್ಯ ಎಂದು ತಿಳಿಸಿದರು. ಆಗ ಅವರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದರು, 65ರ ಆಸುಪಾಸು. ಬಲಗಣ್ಣು ಎಂದೋ ಹೋಗಿತ್ತು, ಎಡಗಣ್ಣೂ ಹೆಚ್ಚು ಕಮ್ಮಿ ಕಾಣುತ್ತಿರಲಿಲ್ಲ. ಆ ಸ್ಥಿತಿಯಲ್ಲಿ ಹತ್ತು ಅಂಕಿಯ ಸಂಖ್ಯೆಯನ್ನು ಹೇಗೆ ಪರೀಕ್ಷೆ ಮಾಡುವುದು?

ಸುಮ್ನೆ ಹಿಡಿದ ದಾರಿ ಎಂದರೆ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸುತ್ತಾ ಹೋಗುವುದು. ವರ್ಗಮೂಲದವರೆಗೆ ಹೋದರೆ ಸಾಕು, ಏಕೆಂದರೆ ಸಂಖ್ಯೆ ಎರಡಾಗಿ ಒಡೆದರೆ ಒಂದು ತುಂಡಾದರೂ ವರ್ಗಮೂಲವನ್ನು ದಾಟುವುದಿಲ್ಲ. ನಮ್ಮ ಸಂಖ್ಯೆಯ ವರ್ಗಮೂಲ 46341ಕ್ಕೆ ಕೂದಲೆಳೆಯಷ್ಟು ಕಡಿಮೆ. ಅಷ್ಟರೊಳಗೆ ಸುಮಾರು 4,800 ಅವಿಭಾಜ್ಯಗಳಿವೆ. ಕೈ ಲೆಕ್ಕಕ್ಕೆ ಜಾಸ್ತಿ ಆಯಿತು. ಆಯ್ಲರ್ ಮಾಡಿದ್ದು ಜರಡಿ ಹಿಡಿಯುವ ಕೆಲಸ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಯಾವುದೋ ಒಂದು ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎಂದುಕೊಳ್ಳಿ. ಅದನ್ನು ಕಳ್ಳ ಎಂದು ಕರೆಯೋಣ. 1, 2, 4, 8, 16 ಹೀಗೆ ಎರಡರ ಘಾತಗಳನ್ನು ಬರೆಯುತ್ತಾ, ಪ್ರತಿಯೊಂದನ್ನೂ ಕಳ್ಳನಿಂದ ಭಾಗಿಸಿದಾಗ ಬರುವ ಶೇಷವನ್ನು ಮಾತ್ರ ಗಮನಿಸಿ. ಈ ಶೇಷಗಳು ಗಾಣದೆತ್ತಿನ ಹಾಗೆ ಸುತ್ತು ಹೊಡೆಯುತ್ತವೆ, ಎಂದಾದರೊಂದು ದಿನ ಮತ್ತೆ 1ಕ್ಕೆ ಬರುತ್ತವೆ. ಕಳ್ಳ 2³¹ − 1 ಅನ್ನು ಭಾಗಿಸುತ್ತಾನೆ ಅಂದರೆ 2³¹ರ ಶೇಷ 1. ಹಾಗಾದರೆ 31 ಹೆಜ್ಜೆಗೆ ಎತ್ತು ಶುರುವಾದ ಜಾಗದಲ್ಲಿದೆ. ಸುತ್ತಿನ ಉದ್ದ 31ನ್ನು ಸಮವಾಗಿ ಭಾಗಿಸಬೇಕು. 31 ಅವಿಭಾಜ್ಯ ಆದ್ದರಿಂದ ಸುತ್ತಿನ ಉದ್ದ 31 ಅಷ್ಟೇ.

ಇನ್ನೊಂದು ಕಡೆಯಿಂದ, ಫರ್ಮಾ ಅವರ ಹಳೆಯ ಪ್ರಮೇಯ ಒಂದಿದೆ. ಕಳ್ಳನಿಗಿಂತ ಒಂದು ಕಡಿಮೆ ಹೆಜ್ಜೆ ಹಾಕಿದಾಗಲೂ ಎತ್ತು 1ರಲ್ಲಿ ಇರಲೇಬೇಕು ಎನ್ನುತ್ತದೆ ಅದು. ಅಂದಮೇಲೆ ಕಳ್ಳನಲ್ಲಿ ಒಂದು ಕಳೆದರೆ ಬರುವುದು 31ರ ಗುಣಕ. ಕಳ್ಳ ಬೆಸ, ಹಾಗಾಗಿ ಒಂದು ಕಳೆದರೆ ಸಮ. ಎರಡನ್ನೂ ಸೇರಿಸಿದರೆ 62ರ ಗುಣಕ. ಕಳ್ಳನನ್ನು 62ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಮೇಲೆ ನೋಡಿದ 2047ನ್ನೇ ಪರೀಕ್ಷಿಸಿ. ಅಲ್ಲಿ 11ರ ಎರಡರಷ್ಟು 22. 23 ಅಂದರೆ 22 + 1, 89 ಅಂದರೆ 22 × 4 + 1. ಸರಿಹೋಯಿತಲ್ಲ!

ಆಯ್ಲರ್ ಇಲ್ಲಿಗೇ ನಿಲ್ಲಲಿಲ್ಲ. 2³¹ರ ಶೇಷ 1 ಆದರೆ 2³²ರ ಶೇಷ 2. ಆದರೆ 2³² ಅಂದರೆ 2¹⁶ರ ವರ್ಗ. ಹಾಗಾಗಿ ಕಳ್ಳನ ಲೆಕ್ಕದಲ್ಲಿ 2 ಯಾವುದೋ ವರ್ಗದ ಶೇಷ. ಇಂಥ ಬೆಸ ಅವಿಭಾಜ್ಯಗಳನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ. ಈ ಎರಡು ಗುರುತನ್ನೂ ಜೋಡಿಸಿದರೆ ಜರಡಿ ಸಿದ್ಧ. ಕಳ್ಳನನ್ನು 248ರಿಂದ ಭಾಗಿಸಿದರೆ ಶೇಷ 1 ಅಥವಾ 63 ಬರಬೇಕು. (ಹೌದು, ವಿಮಾನದ ಅದೇ 248. ಕಾಕತಾಳೀಯ, ಇನ್ನೇನೂ ಇಲ್ಲ.)

46341ರೊಳಗೆ ಅಂಥವು ಎಷ್ಟು? 63 ಸ್ವತಃ ಅವಿಭಾಜ್ಯ ಅಲ್ಲ, ಅದನ್ನು ಬಿಟ್ಟರೆ 372. ಅದರಲ್ಲೂ ಬಹಳಷ್ಟು ಉದುರುತ್ತವೆ. ಮೊದಲ ನಾಲ್ಕು 249, 311, 497, 559. ಇವುಗಳಲ್ಲಿ 311 ಒಂದೇ ಅವಿಭಾಜ್ಯ. ಅದರಿಂದ ನಮ್ಮ ಸಂಖ್ಯೆಯನ್ನು ಭಾಗಿಸಿದರೆ 35 ಉಳಿಯುತ್ತದೆ. ಕಳ್ಳ ಅಲ್ಲ. ಹೀಗೆ ಪಟ್ಟಿ ಮುಗಿಯುವವರೆಗೂ ಯಾರೂ ಸಿಗುವುದಿಲ್ಲ. ಸಾವಿರಗಟ್ಟಲೆ ಭಾಗಾಕಾರದ ಕೆಲಸ ಕೆಲವು ದಿನದ ಕೆಲಸವಾಯಿತು.

ಈಗ ಇದನ್ನೇ ಲ್ಯೂಕಾ-ಲೆಹ್ಮರ್ ಪರೀಕ್ಷೆ ಇನ್ನೂ ಬೇಗ ಮುಗಿಸುತ್ತದೆ. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆದು, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಇದನ್ನು 29 ಸಲ ಮಾಡಿದಾಗ 0 ಬಂದರೆ ಅವಿಭಾಜ್ಯ. ಚಿಕ್ಕದರಲ್ಲಿ ನೋಡಬೇಕಾದರೆ 2⁵ − 1, ಅಂದರೆ 31 ತೆಗೆದುಕೊಳ್ಳಿ. 4, ಆಮೇಲೆ 14, ಆಮೇಲೆ 194ರ ಶೇಷ 8, ಆಮೇಲೆ 62ರ ಶೇಷ 0. ಮೂರೇ ಹೆಜ್ಜೆ. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ 2ರ 136279841ನೇ ಘಾತಕ್ಕೆ ಒಂದು ಕಡಿಮೆ ಎಂಬ ಅವಿಭಾಜ್ಯವನ್ನು ಖಚಿತಪಡಿಸಿದ್ದೂ ಇದೇ ಪರೀಕ್ಷೆ. ಅದರಲ್ಲಿ 4,10,24,320 ಅಂಕಿಗಳಿವೆ.

1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ಆಯ್ಲರ್ ಅವರ ಈ ಸಂಖ್ಯೆಯನ್ನು ಹೊಗಳುತ್ತಾ ಒಂದು ಭವಿಷ್ಯ ನುಡಿದಿದ್ದರು. ಇದರಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದು ಇನ್ನು ಮುಂದೆ ಸಿಗಲಾರದು. ಇವು ಕುತೂಹಲದ ವಸ್ತುಗಳೇ ಹೊರತು ಉಪಯೋಗ ಏನೂ ಇಲ್ಲ, ಯಾರು ತಾನೇ ಹುಡುಕುತ್ತಾರೆ ಅಂತ. ಮನುಷ್ಯರು ಉಪಯೋಗ ನೋಡಿಯೇ ಕೆಲಸ ಮಾಡುತ್ತಾರೆ ಎಂದು ನಂಬಿದ್ದರು, ಪಾಪ.

ಪರಿಪೂರ್ಣ ಸಂಖ್ಯೆ ಎಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ ತಾನೇ ಬರುವಂಥದ್ದು. 6ಕ್ಕೆ 1 + 2 + 3. 28ಕ್ಕೆ 1 + 2 + 4 + 7 + 14. ಮರ್ಸೆನ್ ಅವಿಭಾಜ್ಯ ಒಂದು ಸಿಕ್ಕರೆ ಪರಿಪೂರ್ಣ ಸಂಖ್ಯೆ ಒಂದು ಜೊತೆಗೇ ಸಿಗುತ್ತದೆ ಎಂದು ಯೂಕ್ಲಿಡ್‌ಗೇ ಗೊತ್ತಿತ್ತು. ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಹೀಗೆಯೇ ಬರುತ್ತವೆ ಎಂದು ತೋರಿಸಿದವರು ಮತ್ತೆ ಆಯ್ಲರ್. ನಮ್ಮ ಸಂಖ್ಯೆಯನ್ನು 2³⁰ರಿಂದ ಗುಣಿಸಿದರೆ ಬರುವುದು 2305843008139952128. ಇದು ಎಂಟನೇ ಪರಿಪೂರ್ಣ ಸಂಖ್ಯೆ.

ಭಾಜಕಗಳ ಮೊತ್ತದ ಮಾತು ಬಂತು, ಅಕ್ಕಪಕ್ಕದ ಮನೆಯವರನ್ನೂ ಮಾತಾಡಿಸಿಬಿಡೋಣ. ಬಲಗಡೆಯವರು 2147483648, ಬರೀ ಎರಡುಗಳಿಂದ ಆದವರು. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿಸಿದರೆ ಸಿಗುವುದು 2147483647. ಪರಿಪೂರ್ಣ ಆಗಲು ಒಂದೇ ಒಂದು ಕಡಿಮೆ! ಎಡಗಡೆಯವರು 2147483646. ಅವರು 2 × 3 × 3 × 7 × 11 × 31 × 151 × 331, ತುಂಬಿದ ಸಂಸಾರ. ಒಟ್ಟು 192 ಭಾಜಕಗಳು. ತನ್ನನ್ನು ಬಿಟ್ಟು ಉಳಿದವನ್ನು ಕೂಡಿಸಿದರೆ 3898507266, ತನಗಿಂತ ಎಷ್ಟೋ ದೊಡ್ಡದು. ಇಂಥವು ಹೇರಳ ಸಂಖ್ಯೆಗಳು. ನಡುವೆ ನಮ್ಮವರು, ಭಾಜಕಗಳ ಮೊತ್ತ ಬರೇ 1. ಎಡಕ್ಕೆ ಸಮೃದ್ಧಿ, ಬಲಕ್ಕೆ ಒಂದು ರೂಪಾಯಿ ಕೊರತೆ, ನಡುವೆ ಪಕ್ಕಾ ಸನ್ಯಾಸಿ.

ಉಳಿದ ವರ್ಗೀಕರಣಗಳಲ್ಲಿ ನನಗೆ ಅಷ್ಟು ರುಚಿ ಇಲ್ಲ, ಬೇಗ ಹೇಳಿ ಮುಗಿಸುತ್ತೇನೆ. ಎರಡರ ಅಂತರದಲ್ಲಿ ಇನ್ನೊಂದು ಅವಿಭಾಜ್ಯ ಇದ್ದರೆ ಅವು ಅವಳಿ. ನಮ್ಮದಕ್ಕೆ ಅವಳಿ ಇಲ್ಲ. ಹಿಂದಿನದು 5ರಿಂದ ಕೊನೆಯಾಗುತ್ತದೆ, ಮುಂದಿನದನ್ನು 3 ಭಾಗಿಸುತ್ತದೆ. 8ರಿಂದ ಭಾಗಿಸಿದರೆ 7 ಉಳಿಯುವುದರಿಂದ ಇದನ್ನು ಎರಡು ವರ್ಗಗಳ ಮೊತ್ತವಾಗಿಯೂ ಬರೆಯಲಾಗದು, ಮೂರರ ಮೊತ್ತವಾಗಿಯೂ ಆಗದು. ನಾಲ್ಕು ಬೇಕೇ ಬೇಕು.

ಬಾರ್ಲೋ ಅವರ "ಉಪಯೋಗವಿಲ್ಲ" ಎಂಬ ಮಾತಿಗೆ ಉತ್ತರ ಬಂದದ್ದು ಕಂಪ್ಯೂಟರ್ ಕಾಲದಲ್ಲಿ. ಯಂತ್ರದಿಂದ ಯಾದೃಚ್ಛಿಕ ಸಂಖ್ಯೆ, ಅಂದರೆ ಚೀಟಿ ಎತ್ತಿದ ಹಾಗೆ ಬರುವ ಸಂಖ್ಯೆ, ಹುಟ್ಟಿಸುವುದು ಹೇಗೆ? ಚಿಕ್ಕ ಮಾದರಿ ನೋಡಿ. 1ರಿಂದ ಶುರು ಮಾಡಿ, 3ರಿಂದ ಗುಣಿಸಿ, 7ರಿಂದ ಭಾಗಿಸಿ ಶೇಷ ಬರೆಯುತ್ತಾ ಹೋಗಿ: 1, 3, 2, 6, 4, 5, ಮತ್ತೆ 1. ಆರೂ ಮನೆಗೆ ಒಂದೊಂದು ಸಲ ಹೋಗಿ ಬಂತು. 3ರ ಬದಲು 2ರಿಂದ ಗುಣಿಸಿದರೆ 1, 2, 4, ಮತ್ತೆ 1. ಅರ್ಧ ಊರು ನೋಡಲೇ ಇಲ್ಲ. 7ರ ಜಾಗದಲ್ಲಿ 2147483647 ಇಡಿ, ಗುಣಿಸಲು 16807 ಇಡಿ. ಅದು 7ರ ಐದನೇ ಘಾತ. ಎತ್ತು 214 ಕೋಟಿ ಚಿಲ್ಲರೆ ಮನೆಗಳನ್ನೂ ಒಂದೊಂದು ಸಲ ಮುಟ್ಟಿ ವಾಪಸ್ ಬರುತ್ತದೆ. 1, 16807, 282475249, 1622650073, ಹೀಗೆ. ಸಂಖ್ಯೆ ಅವಿಭಾಜ್ಯ ಆಗಿರುವುದರಿಂದಲೇ ಇದು ಸಾಧ್ಯ. ಜೊತೆಗೆ ಅದು ಯಂತ್ರದ 32 ಮನೆಯಲ್ಲಿ ಸರಿಯಾಗಿ ಕೂರುತ್ತದೆ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಎಂಬಿಬ್ಬರು ಇದನ್ನೇ ಕನಿಷ್ಠ ಮಟ್ಟದ ಮಾದರಿ ಎಂದು ಎಲ್ಲರಿಗೂ ಶಿಫಾರಸು ಮಾಡಿದರು. ಗುಟ್ಟಿನ ಕೆಲಸಕ್ಕೆ, ಪಾಸ್‌ವರ್ಡ್ ಗೀಸ್‌ವರ್ಡ್ ಮಾಡಲು, ಇದನ್ನು ಬಳಸಬೇಡಿ. ಒಂದು ಸಂಖ್ಯೆ ಗೊತ್ತಾದರೆ ಮುಂದಿನದನ್ನೆಲ್ಲ ಯಾರು ಬೇಕಾದರೂ ಹೇಳಬಹುದು.

ಕೊನೆಗೆ ಒಂದು ಏಣಿ. 5 ಅವಿಭಾಜ್ಯ. 2⁵ − 1 ಅಂದರೆ 31, ಅದೂ ಅವಿಭಾಜ್ಯ. 2³¹ − 1 ಕೂಡ. ಹಾಗಾದರೆ 2ರ 2147483647ನೇ ಘಾತಕ್ಕೆ ಒಂದು ಕಡಿಮೆ? ಬರೆದರೆ 64 ಕೋಟಿಗೂ ಜಾಸ್ತಿ ಅಂಕಿಗಳು. ಏಣಿ ಹೀಗೇ ಮೇಲೆ ಹೋಗುತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ಆಯ್ಲರ್ ಅವರ ಜರಡಿ ಇಲ್ಲಿಗೂ ಹೊಂದುತ್ತದೆ. ಕಳ್ಳನಲ್ಲಿ ಒಂದು ಕಳೆದರೆ 2147483647ರ ಸಮ ಗುಣಕ ಬರಬೇಕು. ಹಾಗೆ ಹುಡುಕುತ್ತಾ ಹೋದವರಿಗೆ ಈ ಸಲ ಕಳ್ಳ ಸಿಕ್ಕಿಬಿದ್ದ: 295257526626031. ಅದು 137490 × 2147483647 + 1.